ಕಪ್ಪು ಅಂಗಿಯ ಮೇಲೆ ಬಿಳಿ ಹನಿ

ಸೂಲಿಬೆಲೆಯಂಥ ಹೋಬಳಿ ಕೇಂದ್ರದಲ್ಲಿ ಒಂದು ಅಂಗಡಿ ತೆರೆದು, ಗಿರಾಕಿಗಳು ಕೇಳಿದ ಚಿತ್ರ ಮತ್ತು ಅಕ್ಷರಗಳನ್ನು ಟೀ ಶರ್ಟುಗಳ ಮೇಲೆ ಅಚ್ಚು ಹಾಕಿಕೊಡಬೇಕೆಂದು ನೀವು ಯೋಚಿಸಿದ್ದೀರಿ ಎಂದಿಟ್ಟುಕೊಳ್ಳೋಣ. ಒಂದು ಕಡೆ ಹೊಸಕೋಟೆ, ಮತ್ತೊಂದು ಕಡೆ ದೇವನಹಳ್ಳಿ, ವಿಜಯಪುರ. ಶಾಲೆಯ ವಾರ್ಷಿಕೋತ್ಸವ, ಗಣೇಶೋತ್ಸವದ ಯುವಕ ಸಂಘ, ಹುಟ್ಟುಹಬ್ಬ, ನವೆಂಬರಿನ ರಾಜ್ಯೋತ್ಸವ ಹೀಗೆ ಕೇಳುವವರು ಹಲವರು. ಸಿದ್ಧ ಅಂಗಿಯ ಮೇಲೆ ನೇರವಾಗಿ ಶಾಯಿಯ ಹನಿಗಳನ್ನು ಚಿಮ್ಮಿಸುವ ಯಂತ್ರವೊಂದಿದೆ. ಅದನ್ನು 'ಡೈರೆಕ್ಟ್ ಟು ಗಾರ್ಮೆಂಟ್' ಅಥವಾ ಚುಟುಕಾಗಿ ಡಿಟಿಜಿ ಮುದ್ರಕ ಎನ್ನುತ್ತಾರೆ. ಬೆಲೆ ಹಲವು ಲಕ್ಷ ರೂಪಾಯಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲೋ ಬೇರೆ ಬ್ಯಾಂಕಿನಲ್ಲೋ ಸಾಲ ಮಾಡದೆ ಬಹುಮಂದಿಗೆ ಇದು ಕೈಗೆಟುಕುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಏನನ್ನು ಕೇಳಬೇಕು ಎಂಬುದು ಮುಖ್ಯ.

ಮಾರುವವರು ಕೊಡುವ ಕರಪತ್ರದಲ್ಲಿ ಎರಡು ಸಂಖ್ಯೆಗಳು ದಪ್ಪಕ್ಷರದಲ್ಲಿರುತ್ತವೆ: ಇಂಚಿಗೆ ಎಷ್ಟು ಚುಕ್ಕೆ, ಗಂಟೆಗೆ ಎಷ್ಟು ಅಂಗಿ. ಸಂಖ್ಯೆಗಳು ಸುಳ್ಳಲ್ಲ. ಆದರೆ ನೀವು ಮೊದಲು ಕೇಳಬೇಕಾದದ್ದು ಅವನ್ನಲ್ಲ. ಈ ಯಂತ್ರ ಕಪ್ಪು ಅಂಗಿಯ ಮೇಲೆ ಬಿಳಿಯನ್ನು ಹೇಗೆ ಹಾಕುತ್ತದೆ, ಎರಡು ದಿನ ಸುಮ್ಮನೆ ನಿಲ್ಲಿಸಿದರೆ ಮೂರನೆಯ ದಿನವೂ ಹಾಕುತ್ತದೆಯೆ? ಈ ಪ್ರಶ್ನೆಗೇಕೆ ಇಷ್ಟು ಮಹತ್ತ್ವ ಎಂದು ತಿಳಿಯಲು ಬಟ್ಟೆ ಮುದ್ರಣದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಬಟ್ಟೆಗೆ ಬಣ್ಣ ಹಾಕುವವರನ್ನು ಬಿಳಿ ಕಾಡಿದಷ್ಟು ಬೇರೆ ಯಾವ ಬಣ್ಣವೂ ಕಾಡಿಲ್ಲ. ಬಣ್ಣವೆಂದರೆ ಬೆಳಕಿನ ಒಂದು ಪಾಲನ್ನು ಹೀರಿ ಉಳಿದುದನ್ನು ಹಿಂದಿರುಗಿಸುವ ವಸ್ತು. ಕಪ್ಪು ಬಟ್ಟೆ ಬೆಳಕಿನ ಬಹುಪಾಲನ್ನು ಆಗಲೇ ಹೀರಿಕೊಂಡುಬಿಟ್ಟಿದೆ. ಅದರ ಮೇಲೆ ಹಳದಿ ಬಣ್ಣ ಸುರಿದರೆ ಹಿಂದಿರುಗಲು ಉಳಿದಿರುವುದೇನು? ಹಾಗಾಗಿ ನಮ್ಮ ಹಳೆಯ ಮುದ್ರಣಗಾರರು ಬಿಳಿಯನ್ನು ಹಾಕಲು ಹೋಗಲಿಲ್ಲ. ಅವರು ಬಿಳಿಯನ್ನು ಉಳಿಸಿಕೊಂಡರು.

ಕೋರಮಂಡಲ ತೀರದ ಕಲಂಕಾರಿ ಬಟ್ಟೆಗಳನ್ನು ನೆನಪಿಸಿಕೊಳ್ಳಿ. ನಮ್ಮ ಗಡಿಯಾಚೆಗಿನ ಶ್ರೀಕಾಳಹಸ್ತಿಯಲ್ಲಿ ಈ ಕಸುಬು ಇಂದಿಗೂ ಇದೆ. 1742ರಲ್ಲಿ ಫ್ರೆಂಚ್ ಪಾದ್ರಿ ಕರ್ದೂ ಈ ಕೆಲಸವನ್ನು ವಿವರವಾಗಿ ಬರೆದು ತನ್ನ ದೇಶಕ್ಕೆ ಕಳಿಸಿದ. ಬಟ್ಟೆಯನ್ನು ಮೊದಲು ಅಳಲೆಕಾಯಿಯ ರಸ ಮತ್ತು ಎಮ್ಮೆ ಹಾಲಿನಲ್ಲಿ ನೆನೆಸುತ್ತಿದ್ದರು. ಅಳಲೆಯ ಟ್ಯಾನಿನ್ ಮುಂದೆ ಬರುವ ಪಟಿಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲಿನ ಜಿಡ್ಡು ದ್ರವ ಅತ್ತಿತ್ತ ಹರಡದಂತೆ ತಡೆಯುತ್ತದೆ. ಪಟಿಕ ಬಿದ್ದ ಕಡೆ ಮಾತ್ರ ಬೇರಿನ ಕೆಂಪು ಬಣ್ಣ ಕೂರುತ್ತದೆ. ನೀಲಿ ಹಾಕುವಾಗ ಬೆಳ್ಳಗಿರಬೇಕಾದ ಜಾಗಕ್ಕೆಲ್ಲ ಮೇಣ ಬಳಿದು ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಅದ್ದುತ್ತಿದ್ದರು. ನೀಲಿಯ ನಡುವೆ ನಾವು ಕಾಣುವ ಬಿಳಿ ಹೂವು ಬಣ್ಣವಲ್ಲ, ಮೇಣ ಕಾಪಾಡಿದ ಹತ್ತಿ. ಈ ಬಟ್ಟೆಗಳಿಗೆ ಯೂರೋಪಿನಲ್ಲಿ ಎಷ್ಟು ಬೇಡಿಕೆಯಿತ್ತೆಂದರೆ ಅಲ್ಲಿನ ನೇಕಾರರ ಒತ್ತಾಯಕ್ಕೆ ಫ್ರಾನ್ಸ್ 1686ರಿಂದ 1759ರವರೆಗೆ ಅವನ್ನು ನಿಷೇಧಿಸಿತು. ಇಂಗ್ಲೆಂಡ್ 1701ರಲ್ಲಿ ಆಮದಿಗೂ 1721ರಲ್ಲಿ ತೊಡುವುದಕ್ಕೂ ತಡೆ ಹಾಕಿತು.

ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬೇರೊಂದು ದಾರಿ ಕಂಡುಕೊಂಡಿದ್ದರು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಅವರು ಬಣ್ಣ ಬಳಿಯಲಿಲ್ಲ, ಬಿಳಿ ಮತ್ತು ಬಣ್ಣದ ದಾರಗಳಿಂದ ಕಸೂತಿ ಹಾಕಿದರು. ದಾರ ಬಟ್ಟೆಯ ಮೇಲೆ ಕೂರುತ್ತದೆ, ಬೆಳಕು ಕೆಳಗಿನ ಕಪ್ಪನ್ನು ಮುಟ್ಟುವ ಮೊದಲೇ ಹಿಂದಿರುಗುತ್ತದೆ. ಭೌತವಿಜ್ಞಾನದ ದೃಷ್ಟಿಯಿಂದ ಇಂದಿನ ಡಿಟಿಜಿ ಯಂತ್ರ ಮಾಡುವುದು ಇದನ್ನೇ, ದಾರದ ಬದಲು ಹನಿಗಳಿಂದ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನವರು ಮೂರನೆಯ ದಾರಿ ಹಿಡಿದರು. ಚೆಲುವೆ ಪುಡಿಯ ರಾಸಾಯನಿಕ ಕ್ರಿಯೆಯಿಂದ ಹಾಕಿದ್ದ ಕೆಂಪನ್ನೇ ತಿನ್ನಿಸಿ ಬಿಳಿ ಮಾಡುವ ದಾರಿ ಇದು. ನಾಲ್ಕನೆಯ ದಾರಿಗೆ ಸ್ಕ್ರೀನ್ ಪ್ರಿಂಟಿಂಗ್ ಬರಬೇಕಾಯಿತು. ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಚೌಕಟ್ಟಿಗೆ ಬಿಗಿದ ಬಲೆ, ಅದರ ಮೂಲಕ ಒತ್ತಿ ಎಳೆಯುವ ದಪ್ಪ ಬಣ್ಣ. ಬಣ್ಣ ಗಟ್ಟಿಯಾಗಿರುವುದರಿಂದ ಬಿಳಿಯನ್ನು ಕಪ್ಪಿನ ಮೇಲೆ ದಪ್ಪ ಪದರವಾಗಿ ಕೂರಿಸಬಹುದು. 1960ರ ದಶಕದಲ್ಲಿ ಅಮೆರಿಕದ ಮೈಕೆಲ್ ವ್ಯಾಸಿಲಾಂಟೋನ್ ಹಲವು ಬಣ್ಣಗಳನ್ನು ಒಂದಾದಮೇಲೊಂದು ಹಾಕುವ ತಿರುಗುವ ಯಂತ್ರ ಮಾಡಿದ ಮೇಲೆ ಚಿತ್ರವಿರುವ ಟೀ ಶರ್ಟು ಜಗತ್ತಿನೆಲ್ಲೆಡೆ ಹರಡಿತು. ಇದರ ತೊಂದರೆ ಒಂದೇ. ಪ್ರತಿ ಬಣ್ಣಕ್ಕೆ ಒಂದೊಂದು ಸ್ಕ್ರೀನ್ ತಯಾರಿಸಬೇಕು. ಐನೂರು ಅಂಗಿಗೆ ಆ ಖರ್ಚು ಹಂಚಿಹೋಗುತ್ತದೆ. ಮಗನ ಹುಟ್ಟುಹಬ್ಬಕ್ಕೆ ಒಂದೇ ಒಂದು ಅಂಗಿ ಕೇಳುವವನಿಗೆ ಹಂಚಲು ಬೇರೆ ಅಂಗಿಗಳಿಲ್ಲ.

ಒಂದೇ ಅಂಗಿಯ ಆಸೆಯನ್ನು ಪೂರೈಸಿದ್ದು ಹನಿ. ಹನಿಯ ವಿಜ್ಞಾನ ಬಟ್ಟೆ ಗಿರಣಿಗಳಿಂದ ದೂರದಲ್ಲಿ ಬೆಳೆಯಿತು. ನಲ್ಲಿಯನ್ನು ಸಣ್ಣಗೆ ತಿರುಗಿಸಿ ನೋಡಿ. ಧಾರೆ ಮೇಲೆ ಕಡ್ಡಿಯಂತಿದ್ದು ಕೆಳಗೆ ಹನಿಗಳಾಗಿ ಒಡೆಯುತ್ತದೆ. ಫ್ರಾನ್ಸಿನ ಫೆಲಿಕ್ಸ್ ಸವಾರ್ 1833ರಲ್ಲಿ ಇದನ್ನು ಪ್ರಯೋಗಕ್ಕೆ ಒಳಪಡಿಸಿದ. ಧಾರೆಯ ಮೇಲಿನ ಅಲೆಯ ಉದ್ದ ಧಾರೆಯ ಸುತ್ತಳತೆಯನ್ನು ಮೀರಿದರೆ ಧಾರೆ ನಿಲ್ಲಲಾರದು ಎಂದು ಬೆಲ್ಜಿಯಮ್ಮಿನ ಪ್ಲಾಟೋ 1873ರಲ್ಲಿ ತೋರಿಸಿದ. ಯಾವ ಅಲೆ ಎಲ್ಲಕ್ಕಿಂತ ಬೇಗ ಬೆಳೆಯುತ್ತದೆ ಎಂದು 1878ರಲ್ಲಿ ಲೆಕ್ಕ ಹಾಕಿದವನು ಲಾರ್ಡ್ ರ್‍ಯಾಲೆ. ಅದರ ಉದ್ದ ಧಾರೆಯ ವ್ಯಾಸದ ನಾಲ್ಕೂವರೆ ಪಟ್ಟು. ಆ ಉದ್ದದ ದ್ರವವೆಲ್ಲ ಒಂದು ಗೋಳವಾದರೆ ಹನಿಯ ವ್ಯಾಸ ಧಾರೆಯ ವ್ಯಾಸದ ಸುಮಾರು 1.9ರಷ್ಟಾಗುತ್ತದೆ. ನೀವೇ ಘನಗಾತ್ರ ಹಾಕಿ ನೋಡಬಹುದು. ಇಷ್ಟಕ್ಕೆಲ್ಲ ಕಾರಣ ಮೇಲ್ಮೈ ಎಳೆತ.

ಸ್ವೀಡನ್ನಿನ ರೂನ್ ಎಲ್ಮ್‌ಕ್ವಿಸ್ಟ್ ಶಾಯಿಯ ಧಾರೆಯಿಂದ ಹೃದಯದ ಇ.ಸಿ.ಜಿ. ಬರೆಯುವ ಉಪಕರಣಕ್ಕೆ 1951ರಲ್ಲಿ ಪೇಟೆಂಟ್ ಪಡೆದ. ದೇಹದೊಳಗೆ ಇಡುವ ಮೊದಲ ಪೇಸ್‌ಮೇಕರನ್ನು 1958ರಲ್ಲಿ ರೂಪಿಸಿದವನೂ ಇವನೇ. 1960ರ ದಶಕದಲ್ಲಿ ಸ್ಟ್ಯಾನ್‌ಫೋರ್ಡಿನ ರಿಚರ್ಡ್ ಸ್ವೀಟ್ ಪ್ರತಿ ಹನಿಗೂ ವಿದ್ಯುದಂಶ ಕೊಟ್ಟು ವಿದ್ಯುತ್ ಕ್ಷೇತ್ರದಲ್ಲಿ ಬಾಗಿಸಿದ. ನೀರಿನ ಬಾಟಲಿಯ ಮೇಲೆ ಚುಕ್ಕೆಚುಕ್ಕೆಯಾಗಿ ಕಾಣುವ ದಿನಾಂಕ ಇದೇ ವಿಧಾನದ ಸಂತಾನ. ಬೇಕಾದಾಗ ಮಾತ್ರ ಒಂದು ಹನಿ ಬಿಡುವ ಉಪಾಯ ಎರಡು ಕವಲಾಗಿ ಬೆಳೆಯಿತು. ಒಂದರಲ್ಲಿ ಪೀಜೋ ಹರಳು ವಿದ್ಯುತ್ತಿಗೆ ಮಿಡಿದು ಶಾಯಿಯನ್ನು ಹಿಸುಕುತ್ತದೆ. ಇನ್ನೊಂದರಲ್ಲಿ ಪುಟ್ಟ ತಾಪಕ ಶಾಯಿಯನ್ನು ಕ್ಷಣಮಾತ್ರ ಕುದಿಸಿ ಗುಳ್ಳೆಯ ಬಲದಿಂದ ಹನಿ ದೂಡುತ್ತದೆ. ಎರಡನೆಯದನ್ನು ಜಪಾನಿನ ಕ್ಯಾನನ್ನಿನಲ್ಲಿ 1977ರಲ್ಲಿ ಇಚಿರೊ ಎಂಡೊ ಕಂಡುಕೊಂಡದ್ದು ಶಾಯಿ ತುಂಬಿದ ಸಿರಿಂಜಿಗೆ ಬಿಸಿ ಬೆಸುಗೆ ಕಡ್ಡಿ ತಗುಲಿದಾಗ. ಅಮೆರಿಕದ ಎಚ್‌ಪಿ ಸಂಸ್ಥೆಯವರು 1979ರಲ್ಲಿ ತಾವೇ ಬೇರೆಯಾಗಿ ಅದನ್ನು ಕಂಡು 1984ರಲ್ಲಿ ಮಾರುಕಟ್ಟೆಗೆ ತಂದರು. ಕಾಗದಕ್ಕೆ ಎರಡೂ ಸರಿಯೆ. ಅಂಗಿಯ ಶಾಯಿಯಲ್ಲಿ ಬಣ್ಣದ ಕಣಗಳ ಜೊತೆಗೆ ಅವನ್ನು ನೂಲಿಗೆ ಅಂಟಿಸುವ ಪ್ಲಾಸ್ಟಿಕ್ ಅಂಟೂ ಇರುತ್ತದೆ. ಅದನ್ನು ಕುದಿಸಿದರೆ ತಾಪಕದ ಮೇಲೆ ಕಿಟ್ಟ ಕಟ್ಟುತ್ತದೆ. ಅಂಗಿ ಮುದ್ರಕಗಳು ಬಹುಮಟ್ಟಿಗೆ ಪೀಜೋ ದಾರಿಯನ್ನೇ ಹಿಡಿದದ್ದು ಇದರಿಂದ.

ಅಮೆರಿಕದ ಮ್ಯಾಥ್ಯೂ ರೋಮ್ ಅಂಗಿಯ ಮೇಲೆ ನೇರವಾಗಿ ಮುದ್ರಿಸುವ ಯಂತ್ರಕ್ಕೆ 1996ರಲ್ಲಿ ಅರ್ಜಿ ಹಾಕಿ 2000ದಲ್ಲಿ ಪೇಟೆಂಟ್ ಪಡೆದ. ಅನಂತರ ಕೆಲವರು ಕಚೇರಿಯ ಕಾಗದ ಮುದ್ರಕಗಳನ್ನು ಬಿಚ್ಚಿ, ಅಂಗಿ ಹರಡಲು ಹಲಗೆ ಜೋಡಿಸಿ ಮಾರತೊಡಗಿದರು. 2005ರಲ್ಲಿ ಬ್ರದರ್ ಕಂಪನಿ ಜಿಟಿ-541 ಎಂಬ ಯಂತ್ರ ತಂದಿತು. ಗಟ್ಟಿಮುಟ್ಟಾದ ಯಂತ್ರವೇ, ಆದರೆ ಅದರಲ್ಲಿದ್ದವು ನಾಲ್ಕೇ ಶಾಯಿ: ಹಸಿರುನೀಲಿ, ಕೆನ್ನೇರಳೆ, ಹಳದಿ, ಕಪ್ಪು. ಬಿಳಿ ಇಲ್ಲ. ಅಂದರೆ ಅದು ಕೋರಮಂಡಲದ ಕುಶಲಿಗಳಂತೆ ಬಿಳಿಯನ್ನು ಬಟ್ಟೆಯಿಂದಲೇ ಪಡೆಯಬೇಕಿತ್ತು. ತಿಳಿ ಬಣ್ಣದ ಅಂಗಿಗಷ್ಟೇ ಒಗ್ಗುತ್ತಿತ್ತು. ರ್‍ಯಾಲೆಯ ಲೆಕ್ಕ ಹುಟ್ಟಿ ಆಗಲೇ 127 ವರ್ಷ! ಹನಿ ಕೈಗೆ ಬಂದಿದ್ದರೂ ಬಿಳಿ ಹನಿ ಇಷ್ಟು ತಡವಾದದ್ದೇಕೆ?

ಬಿಳಿ ಎಂದರೆ ಹೀರದೆ ಚೆದರಿಸುವುದು. ಯುಗಾದಿಗೆ ಗೋಡೆಗೆ ಸುಣ್ಣ ಹೊಡೆಯುವಾಗ ಗಮನಿಸಿದ್ದೀರಾ? ಒದ್ದೆಯಿದ್ದಾಗ ಸುಣ್ಣ ತೆಳುವಾಗಿ, ಗೋಡೆ ಕಾಣುವಂತಿರುತ್ತದೆ, ಒಣಗಿದಂತೆ ಬೆಳ್ಳಗಾಗುತ್ತದೆ. ಸುಣ್ಣದ ವಕ್ರೀಭವನಾಂಕ ಸುಮಾರು 1.6, ನೀರಿನದು 1.33, ಗಾಳಿಯದು 1. ಅಂತರ ಹೆಚ್ಚಿದಷ್ಟೂ ಬೆಳಕು ಹೆಚ್ಚು ಚೆದರುತ್ತದೆ. ಅಂಗಿಯ ಮೇಲೆ ಕಣಗಳ ಸುತ್ತ ಗಾಳಿಯಿರುವುದಿಲ್ಲ, ಸುಮಾರು 1.5 ಅಂಕದ ಅಂಟು ಇರುತ್ತದೆ. ಅಲ್ಲಿ ಸುಣ್ಣ ಕೆಲಸಕ್ಕೆ ಬಾರದು. ಸುಮಾರು 2.7 ಅಂಕವಿರುವ ಟೈಟೇನಿಯಮ್ ಡೈಆಕ್ಸೈಡ್ ಬೇಕು. (ಇದರ ಅದಿರು ಇಲ್ಮನೈಟ್. ಕೇರಳದ ಚವರದ ಕಡಲ ತೀರದಲ್ಲಿ ಸಿಗುತ್ತದೆ. ಎಲ್ಲಕ್ಕಿಂತ ಬಿಳಿಯ ವಸ್ತು ಕಪ್ಪು ಮರಳಿನಿಂದ ಬರುವುದು ಸೋಜಿಗ.) ಬೆಳಕನ್ನು ಚೆನ್ನಾಗಿ ಚೆದರಿಸಲು ಕಣ ತೀರ ಸಣ್ಣದಾಗುವಂತೆಯೂ ಇಲ್ಲ, ವ್ಯಾಸ ಸುಮಾರು 0.3 ಮೈಕ್ರೊಮೀಟರ್ ಇರಬೇಕು. ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ತೊಡಕು ಇಲ್ಲಿಯೇ ಇದೆ. ಟೈಟೇನಿಯಮ್ ಡೈಆಕ್ಸೈಡಿನ ಸಾಂದ್ರತೆ ನೀರಿನ ನಾಲ್ಕು ಪಟ್ಟಿಗೂ ಹೆಚ್ಚು. ಕಾಲೇಜಿನಲ್ಲಿ ಹರಳೆಣ್ಣೆಯೊಳಗೆ ಉಕ್ಕಿನ ಗುಂಡು ಬಿಟ್ಟು ಅದರ ಅಂತಿಮ ವೇಗ ಅಳೆದ ಪ್ರಯೋಗ ನಿಮಗೆ ನೆನಪಿರಬಹುದು. ಸ್ಟೋಕ್ಸನ ಅದೇ ಸೂತ್ರವನ್ನು ಇಲ್ಲಿ ಹಾಕೋಣ. ಶಾಯಿಯ ಸ್ನಿಗ್ಧತೆ ನೀರಿನ ಐದು ಪಟ್ಟು ಎಂದಿಟ್ಟುಕೊಂಡರೆ ಬಿಳಿಯ ಕಣ ದಿನವೊಂದಕ್ಕೆ ಸುಮಾರು 2.7 ಮಿಲಿಮೀಟರ್ ಕೆಳಗಿಳಿಯುತ್ತದೆ. ಬ್ರೌನಿಯನ್ ಚಲನೆ ಅದನ್ನು ಅತ್ತಿತ್ತ ಅಲೆದಾಡಿಸುವುದು ದಿನಕ್ಕೆ 0.2 ಮಿಲಿಮೀಟರ್ ಅಷ್ಟೆ. ಬಣ್ಣದ ಶಾಯಿಯ ಕಣದ ಸ್ಥಿತಿ ಬೇರೆ. ವ್ಯಾಸ 0.1 ಮೈಕ್ರೊಮೀಟರ್, ಸಾಂದ್ರತೆ ನೀರಿನ ಒಂದೂವರೆ ಪಟ್ಟು. ಅದು ದಿನಕ್ಕೆ ಇಳಿಯುವುದು 0.04 ಮಿಲಿಮೀಟರ್, ಅಲೆದಾಟ 0.4 ಮಿಲಿಮೀಟರ್. ಒಂದರಲ್ಲಿ ಗುರುತ್ವ ಗೆಲ್ಲುತ್ತದೆ, ಇನ್ನೊಂದರಲ್ಲಿ ಅಣುಗಳ ತಳ್ಳಾಟ ಗೆಲ್ಲುತ್ತದೆ. ಬಿಳಿ ಶಾಯಿ ಹರಿಯುವ ಕೊಳವೆಯ ಒಳವ್ಯಾಸ ಎರಡು ಮೂರು ಮಿಲಿಮೀಟರ್ ಎಂದುಕೊಳ್ಳಿ. ಶನಿವಾರ ಸಂಜೆ ನಿಲ್ಲಿಸಿದ ಯಂತ್ರದ ಕೊಳವೆಯಲ್ಲಿ ಸೋಮವಾರ ಬೆಳಿಗ್ಗೆ ಮೇಲೆ ತಿಳಿ, ತಳದಲ್ಲಿ ಕೆಸರು. ಶಾಯಿ ತಯಾರಕರು ಬಗೆಬಗೆಯ ರಾಸಾಯನಿಕಗಳನ್ನು ಸೇರಿಸಿ ಇಳಿಯುವುದನ್ನು ನಿಧಾನಿಸುತ್ತಾರೆ, ನಿಲ್ಲಿಸಲಾರರು. 20 ಪಿಕೊಲೀಟರಿನ ಹನಿಯ ವ್ಯಾಸ ಕೇವಲ 34 ಮೈಕ್ರೊಮೀಟರ್. ಅದು ಹೊರಬರುವ ರಂಧ್ರವೂ ಆ ಪ್ರಮಾಣದ್ದೇ. ಕೆಸರು ಅಲ್ಲಿಗೆ ತಲುಪಿದರೆ ಮುದ್ರಣದ ಹೆಡ್ ಕಟ್ಟಿಕೊಳ್ಳುತ್ತದೆ. ಇಡೀ ಯಂತ್ರದಲ್ಲಿ ದುಬಾರಿ ಭಾಗಗಳಲ್ಲೊಂದು ಅದೇ.

ಬಿಳಿ ಹನಿ ಬಟ್ಟೆಗೆ ಬಿದ್ದ ಮೇಲೂ ಕಷ್ಟ ಮುಗಿಯಲಿಲ್ಲ. ಹತ್ತಿ ಅದನ್ನು ಬತ್ತಿಯಂತೆ ಹೀರಿಕೊಂಡು ಒಳಗೆಳೆದರೆ ಮೇಲೆ ಬೂದು ಛಾಯೆ ಉಳಿಯುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ ಪೂರ್ವಲೇಪ. ಕ್ಯಾಲ್ಸಿಯಮ್ ಲವಣದ ದ್ರಾವಣವನ್ನು ಮೊದಲೇ ಅಂಗಿಗೆ ಸಿಂಪಡಿಸಿ ಒಣಗಿಸುತ್ತಾರೆ. ಶಾಯಿಯ ಕಣಗಳು ಋಣ ವಿದ್ಯುದಂಶದಿಂದ ಒಂದನ್ನೊಂದು ದೂರ ತಳ್ಳಿಕೊಂಡು ತೇಲುತ್ತಿರುತ್ತವೆ. ಕ್ಯಾಲ್ಸಿಯಮ್ ಅಯಾನು ಆ ವಿದ್ಯುದಂಶವನ್ನು ಅಡಗಿಸಿದೊಡನೆ, ಹಾಲಿಗೆ ನಿಂಬೆಹುಳಿ ಹಿಂಡಿದಂತೆ, ಶಾಯಿ ಬಟ್ಟೆಯ ಮೇಲೆಯೇ ಒಡೆದು ಗಟ್ಟಿಯಾಗುತ್ತದೆ. ಅಳಲೆ, ಹಾಲು, ಪಟಿಕಗಳ ಹಳೆಯ ಕೆಲಸವೇ ಹೊಸ ವೇಷದಲ್ಲಿ ಬಂದಿದೆ. ಇಸ್ರೇಲಿನಲ್ಲಿ 2002ರಲ್ಲಿ ಸ್ಥಾಪನೆಯಾದ ಕೋರ್ನಿಟ್ ಈ ಲೇಪನವನ್ನು ಯಂತ್ರದೊಳಗೇ ಸೇರಿಸಿತು, ಆದರೆ ಅವು ಕಾರ್ಖಾನೆಗಳಿಗೆ ತಕ್ಕ ಯಂತ್ರಗಳು. ಸಣ್ಣ ಅಂಗಡಿಗೆ ಬಿಳಿ ಶಾಯಿ ಸಮೇತ ಸಿದ್ಧವಾಗಿ ಬಂದ ಯಂತ್ರಗಳಲ್ಲಿ ಎಪ್ಸನ್ 2013ರಲ್ಲಿ ತಂದ ಎಫ್ 2000 ಹೆಸರಿಸಬೇಕಾದದ್ದು. ಬಿಳಿ ಶಾಯಿಯನ್ನು ಬಿಡುವಿಲ್ಲದೆ ಸುತ್ತಿಸುತ್ತ, ತಾನೇ ಆಗಾಗ ಹೆಡ್ ತೊಳೆದುಕೊಳ್ಳುವ ಯಂತ್ರಗಳು ಆಮೇಲೆ ಬಂದವು. ಹಾಗೆ ತೊಳೆಯುವುದೂ ಶಾಯಿಯಿಂದಲೇ ಎಂಬುದನ್ನು ಮರೆಯಬೇಡಿ. ಆರ್ಡರ್ ಇಲ್ಲದ ದಿನವೂ ಯಂತ್ರ ಶಾಯಿ ಕುಡಿಯುತ್ತದೆ.

ಈಗ ಸೂಲಿಬೆಲೆಗೆ ಮರಳೋಣ. ಈ ಭಾಗದ ಕೊಳವೆ ಬಾವಿಯ ನೀರು ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೀವು ಕಂಡಿದ್ದೀರಿ. ಆ ಗಡಸುತನಕ್ಕೆ ಕಾರಣ ಕ್ಯಾಲ್ಸಿಯಮ್ ಮತ್ತು ಮೆಗ್ನೀಸಿಯಮ್. ಶಾಯಿಯನ್ನು ಒಡೆಯಲು ಅಂಗಿಗೆ ಸಿಂಪಡಿಸುವುದೂ ಕ್ಯಾಲ್ಸಿಯಮ್ಮನ್ನೇ! ಇಂಥ ನೀರಿನಿಂದ ಹೆಡ್ ಒರೆಸಿದರೆ ಶಾಯಿ ರಂಧ್ರದಲ್ಲೇ ಒಡೆಯುತ್ತದೆ. ಭಟ್ಟಿ ಇಳಿಸಿದ ನೀರನ್ನೋ ತಯಾರಕರು ಕೊಡುವ ದ್ರಾವಣವನ್ನೋ ಬಿಟ್ಟು ಬೇರೇನನ್ನೂ ಬಳಸಬಾರದು. ಎರಡನೆಯದು ಗಾಳಿ. ಬೆಂಗಳೂರಿನ ಸುತ್ತ ಮಾರ್ಚ್ ತಿಂಗಳ ಮಧ್ಯಾಹ್ನ ಸಾಪೇಕ್ಷ ಆರ್ದ್ರತೆ ಶೇಕಡ 30ರ ಆಸುಪಾಸಿಗೆ ಇಳಿಯುತ್ತದೆ. ರಂಧ್ರದ ಬಾಯಲ್ಲಿ ಶಾಯಿ ಒಣಗಲು ಇದು ಧಾರಾಳ ಸಾಕು. ಸಣ್ಣ ಕೋಣೆ, ಬಾಗಿಲು ಕಿಟಕಿ ಮುಚ್ಚಿ ಒಂದು ತೇವಕಾರಕ ಯಂತ್ರ ಬೇಕಾಗುತ್ತದೆ. ಮೂರನೆಯದು ವಿದ್ಯುತ್ತು. ಮುದ್ರಕಕ್ಕೆ ಮನೆಯ ಯುಪಿಎಸ್ ಸಾಕಾದೀತು. ಆದರೆ ಶಾಯಿಯನ್ನು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವ ಹೀಟ್ ಪ್ರೆಸ್ ಇಸ್ತ್ರಿಪೆಟ್ಟಿಗೆಗಿಂತ ಹೆಚ್ಚು ವಿದ್ಯುತ್ ಎಳೆಯುತ್ತದೆ. ಅದಕ್ಕೆ ಯುಪಿಎಸ್ ಸಾಲದು.

ಬಟ್ಟೆ ಯಾವುದು ಎಂಬುದನ್ನೂ ನೋಡಿ. ಡಿಟಿಜಿಗೆ ಹತ್ತಿ ಬೇಕು. ಕ್ರಿಕೆಟ್ ತಂಡದ ಜೆರ್ಸಿ ಸಾಮಾನ್ಯವಾಗಿ ಪಾಲಿಯೆಸ್ಟರ್. ಅದಕ್ಕೆ ಸಬ್ಲಿಮೇಷನ್ ಎಂಬ ಬೇರೆ ವಿಧಾನವಿದೆ, ಅಲ್ಲಿಯೂ ಬಿಳಿಯನ್ನು ಬಟ್ಟೆಯೇ ಕೊಡಬೇಕು.

ಇನ್ನು ಲೆಕ್ಕ. 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಚಿತ್ರದ ಕೆಳಗೆ 50 ಮೈಕ್ರೊಮೀಟರ್ ದಪ್ಪದ ಒದ್ದೆ ಬಿಳಿ ಪದರ ಹಾಕಿದರೆ 6 ಮಿಲಿಲೀಟರ್ ಶಾಯಿ, ಅಂದರೆ 20 ಪಿಕೊಲೀಟರಿನ 30 ಕೋಟಿ ಹನಿ. ಅದೇ ಚಿತ್ರವನ್ನು ಬಿಳಿ ಅಂಗಿಯ ಮೇಲೆ ಹಾಕಿದರೆ ಈ 6 ಮಿಲಿಲೀಟರೂ ಉಳಿಯುತ್ತದೆ, ಪೂರ್ವಲೇಪವೂ ಹೆಚ್ಚು ಬೇಡ. ಗಿರಾಕಿಗೆ ದರ ಹೇಳುವಾಗ ಎರಡಕ್ಕೂ ಒಂದೇ ದರ ಹೇಳಿ ಕೈ ಸುಟ್ಟುಕೊಳ್ಳುವವರು ಬಹಳ.

ಬೆಂಗಳೂರಿನಲ್ಲಿ 2007ರಲ್ಲಿ ಶುರುವಾದ ಮಿಂತ್ರಾ ನಿಮಗೆ ಬಟ್ಟೆ ಮಾರುವ ಜಾಲತಾಣವಾಗಿ ಗೊತ್ತು. ಅದರ ಮೊದಲ ಕಸುಬು ಟೀ ಶರ್ಟು, ಮಗ್ಗು ಮುಂತಾದವುಗಳ ಮೇಲೆ ಗಿರಾಕಿ ಕೇಳಿದ್ದನ್ನು ಅಚ್ಚು ಹಾಕಿ ಕಳಿಸುವುದಾಗಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ಹೆಸರಾಂತ ಕಂಪನಿಗಳ ಸಿದ್ಧ ಉಡುಪು ಮಾರಲು ಹೊರಳಿತು. ಒಂದೊಂದೇ ಅಂಗಿಯ ವ್ಯಾಪಾರ ಸುಲಭವಲ್ಲ ಎನ್ನಲು ಇಷ್ಟು ಸಾಕು. ಸೂಲಿಬೆಲೆಯಲ್ಲಿ ಆರ್ಡರುಗಳು ಗಣೇಶನ ಹಬ್ಬ, ರಾಜ್ಯೋತ್ಸವಗಳ ಹೊತ್ತಿಗೆ ಗುಂಪಾಗಿ ಬಂದು ನಡುವೆ ವಾರಗಟ್ಟಲೆ ಖಾಲಿ ಇರುವುದೇ ಹೆಚ್ಚು. ಗುಂಪಾಗಿ ಬರುವ ಒಂದೇ ಚಿತ್ರದ ಐವತ್ತು ಅಂಗಿಗೆ ಸ್ಕ್ರೀನ್ ಪ್ರಿಂಟಿಂಗೇ ಅಗ್ಗ. ಖಾಲಿ ವಾರಗಳಲ್ಲಿ ಬಿಳಿ ಶಾಯಿ ತಳ ಸೇರುತ್ತಿರುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ದಿನಕ್ಕೆ ಕೆಲವಾದರೂ ಕಪ್ಪು ಅಂಗಿಗಳ ಆರ್ಡರು, ವಾರದಲ್ಲಿ ಐದಾರು ದಿನ ಬರುತ್ತದೆಂದು ಖಚಿತವಾಗುವವರೆಗೆ ಡಿಟಿಜಿ ಕೊಳ್ಳಬೇಡಿ. ಮೊದಲು ಒಳ್ಳೆಯ ಹೀಟ್ ಪ್ರೆಸ್ ಕೊಳ್ಳಿ. 2020ರ ಸುಮಾರಿನಿಂದ ಹರಡಿರುವ ಡಿಟಿಎಫ್ ವಿಧಾನದಲ್ಲಿ ಚಿತ್ರವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ, ಬೆನ್ನಿಗೆ ಬಿಳಿ ಹಾಕಿ, ಅಂಟುಪುಡಿ ಉದುರಿಸಿ ಬಿಸಿ ಮಾಡಿರುತ್ತಾರೆ. ಮುದ್ರಿಸಿದ ಹಾಳೆಯನ್ನು ಮೀಟರ್ ಲೆಕ್ಕದಲ್ಲಿ ತರಿಸಿಕೊಂಡು ನೀವು ಅಂಗಿಗೆ ಒತ್ತಿದರಾಯಿತು. ಬಿಳಿ ಶಾಯಿ ಕದಡುವ ಚಿಂತೆ ಹಾಳೆ ಮಾಡುವವನದು. ಹತ್ತಿ, ಪಾಲಿಯೆಸ್ಟರ್ ಎರಡಕ್ಕೂ ಅಂಟುತ್ತದೆ. ದೊಡ್ಡ ಚಿತ್ರವಾದರೆ ಎದೆಯ ಮೇಲೆ ಹಾಳೆ ಅಂಟಿಸಿಕೊಂಡಂತೆ ಬೇಸಿಗೆಯಲ್ಲಿ ಬೆವರುತ್ತದೆ, ಅದೊಂದು ಕೊರತೆ. ಹತ್ತಿಯ ಮೃದುತ್ವ ಉಳಿಸುವುದರಲ್ಲಿ ಡಿಟಿಜಿಯೇ ಮೇಲು.

ಆರ್ಡರು ಬೆಳೆದು ಡಿಟಿಜಿಯನ್ನೇ ಕೊಳ್ಳುವ ದಿನ ಬಂದಾಗ ಚುಕ್ಕೆಗಳ ಸಂಖ್ಯೆಗೆ ಮರುಳಾಗಬೇಡಿ. 30ರ ಹತ್ತಿ ನೂಲಿನ ದಪ್ಪ ಸುಮಾರು 0.17 ಮಿಲಿಮೀಟರ್, ಇಂಚಿಗೆ 600 ಚುಕ್ಕೆ ಎಂದರೆ ಒಂದು ನೂಲಿನ ಅಗಲಕ್ಕೆ ಆಗಲೇ ನಾಲ್ಕು ಚುಕ್ಕೆ. ಹೆಣಿಗೆಯ ಕುಣಿಕೆಯೇ 0.7 ಮಿಲಿಮೀಟರಿನಷ್ಟು ಅಗಲವಿರುವಾಗ 1200 ಚುಕ್ಕೆಯಿಂದ ಕಣ್ಣಿಗೆ ಸಿಗುವುದು ಅಲ್ಪ. ಅದರ ಬದಲು ಮಾರುವವರ ಬಳಿಗೆ ಸೋಮವಾರ ಬೆಳಿಗ್ಗೆಯೇ, ಯಂತ್ರ ರಜೆಯಿಂದ ಏಳುವ ಹೊತ್ತಿಗೆ ಹೋಗಿ. ನಿಮ್ಮದೇ ಕಪ್ಪು ಅಂಗಿ ಕೊಟ್ಟು ಒಂದು ಸೆಂಟಿಮೀಟರ್ ಎತ್ತರದ ಕನ್ನಡ ಅಕ್ಷರಗಳನ್ನು ಬಿಳಿಯಲ್ಲಿ ಹಾಕಿಸಿ. 'ಜ್ಞ', 'ಕ್ಷ್ಮ', 'ಣ್ಣ' ಇರಲಿ. ಇಂಗ್ಲಿಷ್ ಅಕ್ಷರಗಳಿಗಿಂತ ನಮ್ಮ ಅಕ್ಷರಗಳ ಒಳಸುರುಳಿಗಳು ಬೇಗ ಮುಚ್ಚಿಹೋಗುತ್ತವೆ. ಮೊದಲ ಅಂಗಿಗೆ ಮುನ್ನ ಎಷ್ಟು ಸಲ ಹೆಡ್ ತೊಳೆದರೆಂದು ಎಣಿಸಿಕೊಳ್ಳಿ. ಅಂಗಿಯನ್ನು ಮನೆಗೆ ತಂದು ನಿಮ್ಮ ಮನೆಯ ನೀರಿನಲ್ಲೇ ಐದು ಸಲ ಒಗೆದು, ಒಣಗಿಸಿ, ಭೂತಗನ್ನಡಿಯಲ್ಲಿ ನೋಡಿ. ಬಿಳಿಯ ನಡುವೆ ಕಪ್ಪು ಎಳೆಗಳು ಇಣುಕಿದರೆ ಪದರ ತೆಳುವಾಗಿದೆ ಅಥವಾ ಪೂರ್ವಲೇಪ ಸಾಲದಾಗಿದೆ. ಅಕ್ಷರಗಳ ಸುತ್ತ ಮಾಸಲು ಚೌಕವೊಂದು ಹಾಗೆಯೇ ಉಳಿದಿದ್ದರೆ ಅದು ಹೆಚ್ಚಾಗಿದೆ.